ಬೆನ್ನ ಮೇಲಿನ ಕೈ

"ಬಿಡಲೇ ಆಕಿನ್ನ! ಬಿಡ್ತೀಯೋ ಇಲ್ಲೋ?"

ಒದ್ದ ಏಟಿಗೆ ಚಿಲಕ ಕಿತ್ತು ಒಳಗೆ ಬಿತ್ತು. ಅದರ ಹಿಂದೆಯೇ ಅಪರಿಚಿತ ಗಂಡಸೊಬ್ಬ ಖೋಲಿಯೊಳಗೆ ನುಗ್ಗಿ, ಇಂದ್ರಾಬಾಯಿಯ ಬೆನ್ನ ಮೇಲೆ ಎತ್ತಿದ್ದ ಅವಳ ಅಣ್ಣನ ಕೈಯನ್ನು ಹಾಗೇ ಹಿಡಿದುಬಿಟ್ಟ.

"ಹೆಣ್ಣಮಗಳ ಮ್ಯಾಲೆ ಕೈ ಮಾಡಾಕ ನಾಚಿಕಿ ಆಗೂದಿಲ್ಲೇನು ನಿನಗ? ದಿನಾ ಮುಂಜಾನಿ ಕೇಳಾಕತ್ತೇನಿ ನಾನು!"

ಇಂದ್ರಾ ಮಂಚದ ಮೇಲೆ ಬೋರಲಾಗಿದ್ದಳು. ಕಾಲ್ದೆಸೆಯಲ್ಲಿ ಮಂಚದ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ತಲೆ ತಗ್ಗಿಗೆ ಜೋತು, ಕೂದಲು ನೆಲ ಮುಟ್ಟುತ್ತಿತ್ತು. ಅವನ ಮುಖ ಅವಳಿಗೆ ಕಾಣಲಿಲ್ಲ. ಕಂಡದ್ದು ಗ್ರೀಸ್ ಹತ್ತಿದ ಎರಡು ಚಪ್ಪಲಿ ಮಾತ್ರ.

ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ಕೆಮ್ಮು!

ಅದು ನೀವು ನಾವು ಕೆಮ್ಮುವಂಥ ಕೆಮ್ಮಲ್ಲ. ಪಕ್ಕೆಲುಬುಗಳನ್ನು ಒಂದೊಂದಾಗಿ ಹಿಡಿದು ಜಗ್ಗುವಂಥದ್ದು. ತಾಯಿ ನಾಗವ್ವ ಓಡಿ ಬಂದು ಪಿಂಗಾಣಿ ಬಟ್ಟಲು ಹಿಡಿದಳು. ಹಸಿರು ಕಫ ಅಂಟಂಟಾಗಿ ಬಟ್ಟಲಿಗೆ ಬಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ ಪರಗಂಡಸಿನ ಎದುರು, ಕೂದಲು ಕೆದರಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಉಗುಳುತ್ತಿದ್ದಳು. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದಳು!

ಉಸಿರು ಬಂದಮೇಲೆ ತಲೆ ಎತ್ತಿದಳು.

"ಯಾರ್ರೀ ನೀವು? ಯಾರು ಕರದ್ರು ನಿಮ್ಮನ್ನ? ನಮ್ಮಣ್ಣ ಬಡ್ಯಾಕತ್ತಿಲ್ಲ... ನನ್ನ ಉಳಸಾಕತ್ತಾನ!"

ಅವನ ಕೈ ಸಡಿಲವಾಯಿತು. ಆದರೆ ಆಗಲೇ ತಡವಾಗಿತ್ತು. ಅವನ ಬೆನ್ನ ಹಿಂದೆ ಚೆಂಬೂರಿನ ಆ ಚಾಳಿನ ಇಡೀ ಎರಡನೇ ಮಾಳಿಗೆ ಬಂದು ನಿಂತಿತ್ತು. ಎಲ್ಲರಿಗಿಂತ ಮುಂದೆ ಕಾಶವ್ವ. ಅವಳ ಕಣ್ಣು ನೇರವಾಗಿ ಆ ಬಟ್ಟಲಿನ ಮೇಲೆ.

"ಅಯ್ಯ ಶಿವನ... ಕ್ಷಯ!" ಎಂದಳು ಕಾಶವ್ವ.

ಅವನ ಹೆಸರು ಹಣಮಂತ. ಬಿಜಾಪುರದ ಕಡೆಯವನು, ಗೊಬ್ಬರದ ಕಾರ್ಖಾನೆಯಲ್ಲಿ ಫಿಟರ್. ಪಕ್ಕದ ಖೋಲಿಗೆ ಬಂದು ಎಂಟೇ ದಿನವಾಗಿತ್ತು.

ಪ್ರತಿದಿನ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಗೋಡೆಯಾಚೆಯಿಂದ ಧಪ್ ಧಪ್ ಎಂಬ ಸದ್ದು. ಕೇಳಿದವರಿಗೆಲ್ಲ ನಾಗವ್ವ ಎರಡು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದಳು. "ರೊಟ್ಟಿ ಬಡೀತೀನ್ರೀ. ನನ್ನ ಮಗ ಗುರಲಿಂಗಪ್ಪಗ ಬಿಸಿ ರೊಟ್ಟಿನ ಆಗಬೇಕು." ಬರಗಾಲ ಬಿದ್ದು ರೇಷನ್ ಅಂಗಡಿಯಲ್ಲಿ ಒಳ್ಳೆ ಜೋಳದ ಮುಖ ಕಾಣದಿದ್ದ ಎಪ್ಪತ್ಮೂರನೇ ಇಸವಿಯಲ್ಲೂ ಈ ಮನೆಯಲ್ಲಿ ಎರಡು ಹೊತ್ತು ರೊಟ್ಟಿ! ಚಾಳು ಹೊಟ್ಟೆ ಉರಿಸಿಕೊಂಡಿತೇ ಹೊರತು ಅನುಮಾನ ಪಡಲಿಲ್ಲ.

ಹಣಮಂತ ಮಾತ್ರ ಮೋಸ ಹೋಗಲಿಲ್ಲ. ಅವ್ವನ ರೊಟ್ಟಿಯ ಸದ್ದಿಗೇ ಎದ್ದು ಬೆಳೆದವನು ಅವನು. ರೊಟ್ಟಿ ಬಡಿಯುವ ಕೈ ನಡುನಡುವೆ ನಿಲ್ಲುತ್ತದೆ, ಹಿಟ್ಟು ಉದುರಿಸುತ್ತದೆ, ರೊಟ್ಟಿ ಎತ್ತಿ ಹಂಚಿಗೆ ಹಾಕುತ್ತದೆ. ಈ ಸದ್ದು ನಿಲ್ಲುತ್ತಲೇ ಇರಲಿಲ್ಲ. ಸುಟ್ಟ ಜೋಳದ ವಾಸನೆ ಇರಲಿಲ್ಲ. ನಡುನಡುವೆ ಹೆಣ್ಣೊಬ್ಬಳ ನರಳಾಟ ಬೇರೆ. ಎಂಟನೇ ದಿನ ತಾಳ್ಮೆ ಕೆಟ್ಟು ಬಾಗಿಲು ಒದ್ದಿದ್ದ.

ಒಳ್ಳೆಯ ಮನಸ್ಸಿನಿಂದಲೇ ಒದ್ದ, ಪಾಪ. ಆದರೆ ಒಳ್ಳೆಯ ಮನಸ್ಸಿನವರು ಮಾಡುವ ಹಾನಿ ಸಣ್ಣದಲ್ಲ.

ಇಂದ್ರಾಳದ್ದು ಕ್ಷಯವಲ್ಲ. ಐದು ವರ್ಷ ಕ್ಷಯವೆಂದೇ ಇಂಜೆಕ್ಷನ್ ಚುಚ್ಚಿದ್ದರು. ಕೊನೆಗೆ ಇಂಗ್ಲೆಂಡಿನಲ್ಲಿ ಕಲಿತು ಬಂದ ಮಂಗಳೂರು ಕಡೆಯ ಡಾಕ್ಟರಮ್ಮನೊಬ್ಬರು ಅವಳ ಬೆವರು ತೆಗೆದು ಪರೀಕ್ಷೆ ಮಾಡಿಸಿದರು. ಬೆವರಿನಲ್ಲಿ ವಿಪರೀತ ಉಪ್ಪು! ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಹುಟ್ಟಿನಿಂದಲೇ ಬಂದದ್ದು, ಯಾರಿಗೂ ಅಂಟುವುದಿಲ್ಲ, ವಾಸಿಯೂ ಆಗುವುದಿಲ್ಲ. ಎದೆಯಲ್ಲಿ ಕಫ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ದಿನಕ್ಕೆರಡು ಸಲ ತಲೆ ಕೆಳಗೆ ಮಾಡಿ ಮಲಗಿಸಿ, ಬೆನ್ನು ಬಡಿದು ಅದನ್ನು ಹೊರಗೆ ತೆಗೆಯಲೇಬೇಕು.

"ಒಂದು ದಿನ ತಪ್ಪಿದರೆ ಒಂದು ದಿನ ಆಯುಷ್ಯ ಕಡಿಮೆ ಅಂತ ತಿಳ್ಕೊಳ್ಳಿ," ಎಂದಿದ್ದರು ಡಾಕ್ಟರಮ್ಮ. ಸಂಬಂಧದೊಳಗೆ ಮದುವೆಯಾದರೆ ಇಂಥ ಕಾಯಿಲೆ ಬರುವುದು ಹೆಚ್ಚು ಎಂದೂ ಹೇಳಿದ್ದರು. ಸ್ವಂತ ಸೋದರಮಾವನನ್ನು ಮದುವೆಯಾಗಿದ್ದ ನಾಗವ್ವ ಅಂದಿನಿಂದ ಮಗಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ.

ಇದನ್ನೆಲ್ಲ ಚಾಳಿಗೆ ವಿವರಿಸುವವರು ಯಾರು? ಕೇಳುವವರಾದರೂ ಯಾರು?

ಮರುದಿನದಿಂದ ನಳದ ಹತ್ತಿರ ಇಂದ್ರಾಳ ಕೊಡ ಬಂತೆಂದರೆ ಉಳಿದ ಕೊಡಗಳೆಲ್ಲ ಎರಡು ಮಾರು ದೂರ! ಕಾಶವ್ವ ನಳವನ್ನು ಬೂದಿ ಹಚ್ಚಿ ತಿಕ್ಕಿಯೇ ನೀರು ಹಿಡಿಯುತ್ತಿದ್ದಳು. ಗುರಲಿಂಗಪ್ಪನಿಗೆ ನೋಡಿದ್ದ ಬೆಳಗಾವಿಯ ಹೆಣ್ಣಿನವರಿಗೂ ಸುದ್ದಿ ಮುಟ್ಟಿತು. ಬೀಗರಾಗುವವರು ಕಾಗದ ಬರೆದರು... 'ಆ ಮನೆಯಲ್ಲಿ ನಮ್ಮ ಮಗಳು ಬಾಳುವುದಿಲ್ಲ. ಬೇರೆ ಮನೆ ಮಾಡಿದರೆ ಮಾತ್ರ ಮದುವೆ.'

ನಾಲ್ಕನೇ ದಿನ ಹಣಮಂತ ಹೊಸ ಚಿಲಕ, ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತ.

"ತಪ್ಪಾತ್ರಿ ಇಂದ್ರಾಬಾಯಾರ..."

"ಚಿಲಕ ಹಚ್ಚಿ ಕೊಡ್ತೀರಿ. ಹೋದ ಮಾನ ಯಾವ ಸ್ಕ್ರೂ ಹಾಕಿ ಹಚ್ಚತೀರಿ?"

ಅವನು ತಲೆ ತಗ್ಗಿಸಿ ಚಿಲಕ ಕೂಡಿಸಿದ. ಹೋಗುವಾಗ ಅವಳ ಖಾಲಿ ಕೊಡ ಎತ್ತಿಕೊಂಡು ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ ನಳದಲ್ಲಿ ತುಂಬಿಸಿ ತಂದಿಟ್ಟ. ಇಂದ್ರಾ ಬಾಗಿಲು ಮುಚ್ಚಿಕೊಂಡಳು. ಆದರೆ ಆ ನೀರನ್ನು ಚೆಲ್ಲಲಿಲ್ಲ.

ಗುರಲಿಂಗಪ್ಪ ಕೆಟ್ಟವನಲ್ಲ, ದಣಿದವನು. ಎರಡು ವರ್ಷ ತಪ್ಪದೆ ಬಡಿದಿದ್ದ. ಆ ಕಾಗದ ಬಂದಮೇಲೆ ಅವನ ಕೈ ಸೋಮಾರಿಯಾಯಿತು. ಮುಂದಿನ ತಿಂಗಳು ಮದುವೆಯಾಗಿ ಸಾಂತಾಕ್ರೂಜಿಗೆ ಹೋಗುವವನು, ಒಂದು ಸಂಜೆ ಬಾಯಿಬಿಟ್ಟು ಅಂದೇಬಿಟ್ಟ.

"ಎಷ್ಟ ವರ್ಷ ಬಡೀಬೇಕು ಯವ್ವಾ ನಾ? ಕಡೀಕ ಉಳಿಯಾಕಿ ಅಲ್ಲಲ್ಲ ಆಕಿ..."

ಇಂದ್ರಾ ಮಂಚದ ಮೇಲೇ ಇದ್ದಳು. ತಾನು ಅಲ್ಲಿರುವುದನ್ನು ಅಣ್ಣ ಮರೆತನೋ, ಮರೆಯದೆಯೇ ಅಂದನೋ... ಅವಳು ಗೋಡೆಯ ಕಡೆ ಹೊರಳಿದಳು.

ನಾಗವ್ವ ತಾನೇ ಬಡಿಯಲು ಕೂತಳು. ಅವಳಿಗೆ ಗೊತ್ತಿದ್ದದ್ದು ರೊಟ್ಟಿಯ ಕೈ ಒಂದೇ. ಅಂಗೈ ಚಪ್ಪಟೆ ಮಾಡಿ ಬಡಿದಳು. ಬೆನ್ನು ಕೆಂಪಾಯಿತು, ಚರ್ಮ ಉರಿಯಿತು, ಕಫ ಮಾತ್ರ ಮಿಸುಕಲಿಲ್ಲ.

"ನೋವಾತೇನ ತಂಗಿ?"

"ಇಲ್ಲವ್ವ."

ಇಂದ್ರಾ ಈ ಸುಳ್ಳನ್ನು ಕಲಿತದ್ದು ಹತ್ತನೇ ವಯಸ್ಸಿಗೆ. ಅವಳು ನೋವೆಂದ ದಿನ ಅವ್ವ ಉಣ್ಣುತ್ತಿರಲಿಲ್ಲ. ಅಪ್ಪ ಬದುಕಿದ್ದಾಗ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ನೋವನ್ನು ಹೇಳಿದರೆ ಅದು ಮನೆತುಂಬ ಹರಡುತ್ತದೆ, ಹೇಳದಿದ್ದರೆ ತನ್ನೊಳಗೇ ಇರುತ್ತದೆ... ಹೀಗೆಂದು ಲೆಕ್ಕ ಹಾಕಿಕೊಂಡಿದ್ದಳು. ಕೆಮ್ಮು ಬಂದರೆ ದಿಂಬನ್ನು ಪಕ್ಕೆಗೆ ಬಿಗಿಯಾಗಿ ಅವುಚಿಕೊಳ್ಳುವಳು. ಮೊಣಕಾಲ ಸಂದು ಹಿಡಿದ ದಿನ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುವಳು. ಉಂಡಮೇಲೆ ಹೊಟ್ಟೆ ಹಿಂಡಿದರೆ ಎರಡು ಕಾಲು ಮಡಚಿ, ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚುವಳು. ಯಾರಾದರೂ ಕೇಳಿದರೆ ನಗುವಳು.

ಒಂದು ವಾರ ಗೋಡೆಯಾಚೆಯ ಆ ಚಪ್ಪಟೆ ಸದ್ದು ಕೇಳಿದ ಹಣಮಂತನಿಗೆ ತಡೆಯಲಾಗಲಿಲ್ಲ. ಈ ಸಲ ಬಾಗಿಲು ಒದೆಯಲಿಲ್ಲ, ತಟ್ಟಿದ.

"ಅವ್ವಾರ, ಸಿಟ್ಟಿಗೇಳಬ್ಯಾಡ್ರಿ. ಗುರಲಿಂಗಪ್ಪನ್ನ ಕೇಳಿಕೊಂಡು ನಾ ಡಾಕ್ಟರಮ್ಮನ ಕಡೆ ಹೋಗಿದ್ದೆ. ಅಂಗೈ ಹಿಂಗ... ಬೊಗಸಿ ಮಾಡಬೇಕಂತ. ಒಳಗ ಗಾಳಿ ಇರಬೇಕಂತ."

"ನಿನಗ್ಯಾರು ಕಲಿಸಿದ್ರು?"

"ಅಲ್ಲೇ ಒಬ್ರು ನರ್ಸಬಾಯಿ. ನನ್ನ ಬೆನ್ನ ಮ್ಯಾಲೇ ಬಡಿಸ್ಕೊಂಡು ಕಲ್ತೆ. ಎಲ್ಲಿ ಹತ್ತತೈತಿ, ಎಲ್ಲಿ ಹತ್ತೂದಿಲ್ಲ ಅಂತ ಗೊತ್ತಾಗಬೇಕಲ್ರಿ."

ಮದುವೆಯಾಗದ ಹೆಣ್ಣಿನ ಬೆನ್ನಿಗೆ ಮದುವೆಯಾಗದ ಗಂಡಿನ ಕೈ! ನಾಗವ್ವ ಒಂದು ದಿನ ಯೋಚಿಸಿದಳು. ಆಮೇಲೆ ತನ್ನದೇ ಕಾನೂನು ಮಾಡಿದಳು. ಬಾಗಿಲು ಪೂರ್ತಿ ತೆರೆದಿರಬೇಕು. ತಾನು ಹೊಸ್ತಿಲಲ್ಲಿ ಕೂತಿರಬೇಕು. ಇಂದ್ರಾಳ ಬೆನ್ನ ಮೇಲೆ ಹಳೆ ಬಟ್ಟೆ ಹೊಲಿದ ಕೌದಿ ಮಡಚಿ ಹಾಕಿರಬೇಕು, ಕೈ ಕೌದಿಗೆ ತಾಗಬೇಕೇ ಹೊರತು ಮೈಗಲ್ಲ.

'ಇವನ ಕೈಯಿಂದ ಸಾಯುವುದೂ ಬೇಡ, ಬದುಕುವುದೂ ಬೇಡ' ಎಂದುಕೊಂಡು ಇಂದ್ರಾ ಹಲ್ಲು ಕಚ್ಚಿ ಮಲಗಿದಳು. ಮೊದಲ ಏಟು ಬಿತ್ತು. ಟೊಪ್... ಟೊಪ್... ಟೊಪ್... ಎದೆಯೊಳಗೆ ವಾರದಿಂದ ಜಡಿದು ಕೂತಿದ್ದ ಕಲ್ಲು ಅಲುಗಿತು!

"ನೋವಾತೇನ್ರಿ?"

"ಇಲ್ಲ."

ಆ ದಿನ ಅದು ಮುಕ್ಕಾಲು ಪಾಲು ನಿಜವಾಗಿತ್ತು.

ಅವನಿಗೆ ಗಡಿಯಾರವಿರಲಿಲ್ಲ. ಲೋಕಲ್ ಗಾಡಿಯ ಸ್ಟೇಷನ್‌ಗಳನ್ನು ಎಣಿಸಿ ಹೊತ್ತು ಅಳೆಯುತ್ತಿದ್ದ. "ದಾದರ್... ಮಾಟುಂಗಾ ರೋಡ್... ಮಾಹಿಮ್..." ಬಾಂದ್ರಾ ಬಂದರೆ ಅವಳು ಎಡಮಗ್ಗಲಿಗೆ ಹೊರಳಬೇಕು, ಅಂಧೇರಿಗೆ ಬಲಮಗ್ಗಲಿಗೆ. ನಡುವೆ ಫೋರ್‌ಮನ್ನನ ಬೈಗುಳದ ಅಣಕ. ಕೊನೆಗೆ, "ದಹಿಸರ್ ಬಂತ್ರಿ, ಇಳೀರಿ!"

ಮೊದಮೊದಲು ಇಂದ್ರಾ ದಹಿಸರ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ದಹಿಸರ್ ಬರುವುದೇ ಬೇಡ ಅನ್ನಿಸತೊಡಗಿತ್ತು. 'ಅಯ್ಯೋ ಹುಚ್ಚಿ! ನಿನಗ್ಯಾಕೆ ಇದೆಲ್ಲ?' ಎಂದು ತನ್ನನ್ನೇ ಗದರಿಕೊಂಡಳು. ಗದರಿದಷ್ಟೂ ಮನಸ್ಸು ಆರು ಗಂಟೆಗೆ ಕಾಯುತ್ತಿತ್ತು.

ಗುರಲಿಂಗಪ್ಪ ಮದುವೆಯಾಗಿ ಸಾಂತಾಕ್ರೂಜಿಗೆ ಹೋದ. ಮದುವೆಗೆ ತಂಗಿಯನ್ನು ಕರೆಯಲಿಲ್ಲ. ಚಾಳು ಈಗ ಕ್ಷಯವನ್ನು ಬಿಟ್ಟು ಹೊಸ ಸುದ್ದಿ ಹಿಡಿದಿತ್ತು. "ದಿನಾ ಎರಡೊತ್ತು ಕೌದಿ ಮ್ಯಾಲೆ ಬಡೀತಾನಂತ, ಕೌದಿ ಒಳಗ ಏನು ನಡೀತೈತೋ..." ಎಂದು ಕಾಶವ್ವ ನಳದಲ್ಲಿ ಎಲ್ಲರಿಗೂ ಕೇಳುವಂತೆ ಅಂದಳು.

ದೀಪಾವಳಿ ಮುಗಿದ ಒಂದು ಮಧ್ಯಾಹ್ನ. ಇಂದ್ರಾ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮೊಣಕಾಲು ಸೋತು ಗೋಡೆ ಹಿಡಿದು ನಿಂತಾಗ, ತೆರೆದ ಬಾಗಿಲಿನಿಂದ ಅವ್ವನ ದನಿ ಕೇಳಿಸಿತು.

"ನೀ ಬಾಗಲಾ ಒದ್ದ ದಿನಾನ ಈ ಮನಿ ಹಾಳಾತು ಹಣಮಂತಾ. ನನ್ನ ಮಗ ಹೋದ. ಮಾನ ಹೋತು. ಈಗ ನೀನ ಆಕಿನ್ನ ಕಟ್ಕೋ. ಮಾಡಿದ ತಪ್ಪು ತೀರಸು!"

"ಆತ್ರಿ ಅವ್ವಾರ," ಎಂದ ಹಣಮಂತ. ಒಂದು ಕ್ಷಣವೂ ತಡೆಯದೆ.

ಇಂದ್ರಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ತಪ್ಪು ತೀರಿಸುವುದು! ತಾನು ಹೆಂಡತಿಯಲ್ಲ, ದಂಡ. ಇಷ್ಟು ದಿನ ಬೆನ್ನ ಮೇಲೆ ಬಿದ್ದ ಆ ಮೆತ್ತನೆಯ ಏಟುಗಳೆಲ್ಲ ಪ್ರಾಯಶ್ಚಿತ್ತದವು... ದೇವರೇ, ನಾನು ಏನೆಂದು ತಿಳಿದುಕೊಂಡಿದ್ದೆ!

ಸಂಜೆ ಆರಕ್ಕೆ ಅವನು ಬಂದ. ಮುಖದಲ್ಲಿ ಹೊಸ ಕಳೆ. ಕೌದಿ ಮಡಚಲು ಹೋದವನನ್ನು ಅವಳು ತಡೆದಳು.

"ಇನ್ನ ಬರಬ್ಯಾಡ್ರಿ."

"ಯಾಕ್ರಿ? ಏನಾತು?"

"ನಿಮ್ಮ ಕೈ ಬಿದ್ರ ನನಗ ನೋವಾಗತೈತಿ."

"ಮೆಲ್ಲಕ ಬಡೀತೇನ್ರಿ. ಎಲ್ಲಿ ಅಂತ ಹೇಳ್ರಿ..."

ಅವನು ಸಿಟ್ಟಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಇವನನ್ನು ಓಡಿಸಲು ಸಣ್ಣ ಮಾತು ಸಾಲದು. ಕಾಶವ್ವನ ಮಾತೇ ಬೇಕು!

"ಹೆಣ್ಣಿನ ಮೈ ಮುಟ್ಟಾಕ ನಿಮಗೊಂದು ನೆವ ಬೇಕಾಗಿತ್ತು. ನನ್ನ ರೋಗ ಸಿಕ್ತು. ಚಾಳಿನ ಮಂದಿ ಅನ್ನೂದು ಸುಳ್ಳಲ್ಲ."

ಅವನು ತನ್ನ ಎರಡೂ ಕೈ ನೋಡಿಕೊಂಡ. ಕೌದಿಯನ್ನು ಮಂಚದ ಮೇಲಿಟ್ಟ. ಹೊಸ್ತಿಲಲ್ಲಿ ದಂಗುಬಡಿದು ಕೂತಿದ್ದ ನಾಗವ್ವನನ್ನು ದಾಟಿ ಹೊರಟುಹೋದ. ಎರಡು ದಿನದಲ್ಲಿ ಪಕ್ಕದ ಖೋಲಿಗೆ ಬೀಗ ಬಿತ್ತು.

ಗೆದ್ದೆ ಎಂದುಕೊಂಡಳು ಇಂದ್ರಾ. ಗೆದ್ದವಳು ಆ ಕೌದಿಯಲ್ಲಿ ಮುಖ ಹುದುಗಿಸಿ ಅತ್ತಳು. ಅತ್ತರೆ ಕೆಮ್ಮು, ಕೆಮ್ಮಿದರೆ ಪಕ್ಕೆನೋವು. ಅವಳಿಗೆ ಮನಸಾರೆ ಅಳುವ ಸುಖವೂ ಇರಲಿಲ್ಲ.

ಚಳಿ ಬಂತು. ಕಾರ್ಖಾನೆಗಳ ಹೊಗೆ ಬೆಳಿಗ್ಗೆ ಹತ್ತರವರೆಗೂ ಚೆಂಬೂರಿನ ಮೇಲೆ ಕವಿದು ಕೂರುತ್ತಿತ್ತು. ನಾಗವ್ವನ ಸಂಧಿವಾತದ ಬೆರಳುಗಳು ಬೊಗಸೆಯಾಗಲು ಒಪ್ಪಲಿಲ್ಲ. ಇಂದ್ರಾಳ ಎಡಪಕ್ಕೆಯಲ್ಲಿ ಉಸಿರೆಳೆದಾಗಲೆಲ್ಲ ಚಾಕು ಹಾಕಿ ತಿರುವಿದ ಹಾಗೆ. ನೋವಿಗೆ ಹೆದರಿ ಕೆಮ್ಮನ್ನು ನುಂಗಿದಳು. ನುಂಗಿದ ಕೆಮ್ಮು ಒಳಗೇ ಕಫವಾಗಿ ಕೂತಿತು. ಜನವರಿಯಲ್ಲಿ ತುಟಿ ನೀಲಿಯಾಗಿ, ಜ್ವರ ಏರಿ, ಆಸ್ಪತ್ರೆಯ ಮಂಚ ಸೇರಿದಳು.

"ನೋವು ಉಂಟಾ?" ಕೇಳಿದರು ಡಾಕ್ಟರಮ್ಮ.

"ಇಲ್ಲ ಮೇಡಂ."

ಅವರು ಎಡಪಕ್ಕೆಯ ಮೇಲೆ ಒಂದು ಬೆರಳು ಇಟ್ಟರು, ಅಷ್ಟೇ. ಇಂದ್ರಾಳ ಬಾಯಿಂದ ಚೀತ್ಕಾರ ಹೊರಟಿತು!

"ಮತ್ತೆ ಇಲ್ಲ ಅಂದದ್ದು ಯಾರಿಗಾಗಿ ಮಾರಾಯ್ತಿ?" ಡಾಕ್ಟರಮ್ಮ ರೇಗಿದರು. "ಶ್ವಾಸಕೋಶದ ಪೊರೆ ಬಾತಿದೆ. ನೀನು ಹೇಳಿದ್ದರೆ ಬಡಿಯುವ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡ್ತಿದ್ದೆ, ನೀನು ಸರಿಯಾಗಿ ಕೆಮ್ಮುತ್ತಿದ್ದೆ, ಇಷ್ಟು ದೂರ ಬರ್ತಿರಲಿಲ್ಲ. ರೋಗ ನಿನ್ನನ್ನು ಕೊಲ್ಲುವುದು ಹೇಗೂ ಉಂಟು. ನೀನು ಯಾಕೆ ಅದಕ್ಕೆ ಸಹಾಯ ಮಾಡ್ತೀ?"

ಕಠಿಣ ಮಾತು. ಆದರೆ ಅವಳ ಜೀವಮಾನದಲ್ಲಿ ಯಾರೂ ಅಷ್ಟು ನಿಜ ಹೇಳಿರಲಿಲ್ಲ.

ಡಾಕ್ಟರಮ್ಮ ಹೋದಮೇಲೆ ನಾಗವ್ವ ಸ್ಟೂಲಿನ ಮೇಲೆ ಕೂತಲ್ಲೇ ಅತ್ತುಬಿಟ್ಟಳು.

"ನಾನೂ ಸುಳ್ಳು ಹೇಳೇನಿ ತಂಗಿ. ಆ ಹಣಮಂತ ದಸರಾಕ್ಕೂ ಮೊದಲ ನನ್ನ ಕೇಳಿದ್ದ... ಇಂದ್ರಾಬಾಯಾರನ್ನ ಕೊಡ್ರಿ ಅಂತ. ನಾನ ಬ್ಯಾಡ ಅಂದೆ. ಆರು ತಿಂಗಳಿಗೆ ಬ್ಯಾಸತ್ತು ಬಿಟ್ಟು ಹೋದ್ರ ನೀ ಎದಿ ಒಡಕೊಂಡು ಸಾಯ್ತೀ ಅಂತ ಹೆದರಿದೆ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸಿದೆ. ನಿಮ್ಮಣ್ಣ ಹೋದ ಮ್ಯಾಲೆ ಸೋತು, ನಾನ ಕರದು ಕೇಳಿದೆ. ಬೇಡಿ ಕೇಳಾಕ ನಾಚಿಕಿ ಆತು... ಬೈದು ಕೇಳಿದೆ."

ಇಂದ್ರಾ ಸೂರು ನೋಡುತ್ತ ಮಲಗಿದಳು. ತಡೆಯದೆ 'ಆತ್ರಿ' ಎಂದವನು ಶಿಕ್ಷೆ ಒಪ್ಪಿಕೊಂಡವನಲ್ಲ... ಕಾದು ಕೂತವನು! ತಾನು ಅವನಿಗೆ ಅಂದದ್ದೇನು? ಆ ಮಾತು ನೆನಪಾಗಿ ಪಕ್ಕೆಗಿಂತ ಎದೆ ಹೆಚ್ಚು ನೊಂದಿತು.

"ಅವರನ್ನ ಕರಸವ್ವಾ," ಎಂದಳು. "ಬೈದು ಕರೀಬ್ಯಾಡ. ನಾ ಕರದೆ ಅಂತ ಹೇಳು."

ನಾಗವ್ವ ಕಾರ್ಖಾನೆಯ ಗೇಟಿನಲ್ಲಿ ಕಾದು ನಿಂತು ಹೇಳಿ ಬಂದಳು. ಮೂರನೇ ದಿನ, ಭೇಟಿಯ ಹೊತ್ತಿಗೆ ಅವನು ಬಂದ. ಸೊರಗಿದ್ದ. ಮಂಚದಿಂದ ದೂರವೇ, ಕೈ ಹಿಂದೆ ಕಟ್ಟಿಕೊಂಡು ನಿಂತ.

"ಪಾಪ ಅನಿಸಿ ಬಂದ್ರೇನು?"

"ಪಾಪ ಅನಿಸಿದ್ರ ಎರಡು ಮೋಸಂಬಿ ಕೊಟ್ಟು ಹೋಗ್ತಿದ್ದೆ."

"ನನ್ನ ಮ್ಯಾಲೆ ಸಿಟ್ಟಿಲ್ಲೇನು?"

"ಐತಿ. ಭಾಳ ಐತಿ. ಎರಡು ತಿಂಗಳಾತು, ನನ್ನ ಕೈ ನೋಡಿದ್ರ ನನಗ ಹೇಸಿಗಿ ಆಗತೈತಿ. ಅಂಥಾ ಮಾತು ಅಂದ್ರಿ ನೀವು."

ಇಂದ್ರಾಳ ಕಣ್ಣು ತುಂಬಿತು. ಕ್ಷಮಿಸಿ ಎನ್ನುವುದು ಸುಲಭವಿತ್ತು. ಅವಳು ಅದಕ್ಕಿಂತ ಕಷ್ಟದ್ದನ್ನು ಹೇಳಿದಳು.

"ಸುಳ್ಳಂತ ಗೊತ್ತಿದ್ದೂ ಅಂದೆ. ನೀವು ನೊಂದು ಹೋಗ್ಲಿ ಅಂತ ಅಂದೆ. ನಿಮ್ಮ ಕೈ ಕೌದಿ ಮ್ಯಾಲೆ ಬೀಳೂ ಆ ಹೊತ್ತಿಗಾಗಿ ನಾ ಉಳಿದ ದಿನಾ ಪೂರಾ ತಡಕೊಳ್ತಿದ್ದೆ... ಡಾಕ್ಟರಮ್ಮ ನನಗ ಎಷ್ಟು ವರ್ಷ ಅಂದಾರ, ಗೊತ್ತೈತೇನು?"

"ಕೇಳೇನಿ. ಎರಡು. ಚಲೋತ್ನಾಗಿ ನೋಡಿಕೊಂಡ್ರ ನಾಕು."

"ಅದರಾಗ ಅರ್ಧ ದವಾಖಾನ್ಯಾಗ ಹೋಗತೈತಿ."

"ಉಳಿದ ಅರ್ಧ ನನಗ ಕೊಡ್ರಿ."

ನರ್ಸಬಾಯಿ ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆಯಾಗಿತ್ತು. ಡಾಕ್ಟರಮ್ಮ ಬಂದು ಹಣಮಂತನನ್ನು ನೋಡಿ, ಏನೂ ಕೇಳದೆ, ಮಂಚದ ಹತ್ತಿರ ಕರೆದರು.

"ಬಲಗಡೆ ಬಡಿಯಿರಿ. ಎಡಗಡೆ ಬೇಡ. ಅಲ್ಲಿ ಅಂಗೈ ಇಟ್ಟು, ಅವಳು ಉಸಿರು ಬಿಡುವಾಗ ಸ್ವಲ್ಪ ಅದುಮಬೇಕು, ಅಷ್ಟೆ. ಬಾವು ಎಲ್ಲಿಯವರೆಗೆ ಉಂಟು ಅಂತ ನಿಮಗೆ ಕಾಣುವುದಿಲ್ಲ. ಅವಳೇ ಹೇಳಬೇಕು. ಹೇಳದಿದ್ದರೆ ನಿಮ್ಮ ಕೈಯಿಂದಲೇ ಅವಳಿಗೆ ಅಪಾಯ."

ಇಂದ್ರಾ ಬಲಕ್ಕೆ ಹೊರಳಿ ಮಲಗಿದಳು. ಕೌದಿ ಇರಲಿಲ್ಲ, ಆಸ್ಪತ್ರೆಯ ತೆಳು ಅಂಗಿಯಷ್ಟೇ. ಕಟ್ಟಿಕೊಂಡಿದ್ದ ಕೈ ಬಿಡಿಸಲು ಹಣಮಂತನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಅವಳ ಬೆನ್ನ ಎಡಗಡೆ, ಹೆಗಲ ಹತ್ತಿರ ಅಂಗೈ ಇಟ್ಟ.

"ಇಲ್ಲಿ ನೋವೈತೇನು, ಇಂದ್ರಾ?"

ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ.

"ಇಲ್ಲ."

ಅದು ನಿಜವೇ ಆಗಿತ್ತು. ಕೈ ಒಂದು ಗೇಣು ಕೆಳಗಿಳಿಯಿತು.

"ಇಲ್ಲಿ?"

ಅವಳು ಉಸಿರು ಹಿಡಿದಳು. ಎದುರಿಗೆ ಸ್ಟೂಲಿನ ಮೇಲೆ ಅವ್ವ ಕೂತಿದ್ದಳು. ಹನ್ನೆರಡು ವರ್ಷದ ಅಭ್ಯಾಸ 'ಇಲ್ಲ' ಎಂದು ನಾಲಿಗೆಯ ತುದಿಗೆ ಬಂದು ನಿಂತಿತು.

"ಹ್ಞೂಂ..." ಎಂದಳು.

"ಎಷ್ಟು?"

"ಭಾಳ... ಭಾಳ ನೋವಾಗತೈತ್ರಿ."

ನಾಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂದ್ರಾ ಅದನ್ನು ನೋಡಿದಳು. ನೋಡಿಯೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಕೈ ತಗೀಲೇನು?" ಎಂದ ಹಣಮಂತ.

"ಬ್ಯಾಡ್ರಿ... ಅಲ್ಲೇ ಇರಲಿ."